ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಹೆಲ್ತ್ ಪ್ಯಾಕೇಜ್ ಮಾಡಿಸಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ, ಬರೆದದ್ದು ಅಲ್ಲಲ್ಲಿ ಹಾರಿದರೆ ಬೇಜಾರು ಮಾಡ್ಕೋಬೇಡಿ. ಮುಖ್ಯ ವಿಷಯ ಮೊದಲೇ ಹೇಳುತ್ತೇನೆ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ರಕ್ತ ಕಂಡರೆ, ಒಂದೇ ಹನಿ ಇರಲಿ, ಗುಲಾಬಿ ಕಲೆ ಇರಲಿ, ಕಂದು ನೀರು ಇರಲಿ, ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಅಂತ ನೋಡಿಸಿ. ದಪ್ಪ ಇದ್ದರೆ ಬಯಾಪ್ಸಿ ಮಾಡಿಸಿ, ಅಂದರೆ ಒಳಪದರದ ಚೂರು ತೆಗೆದು ಮಾಡುವ ಪರೀಕ್ಷೆ. ಅದು ಆಗದೆ ಯಾರೇ "ಎಲ್ಲ ನಾರ್ಮಲ್" ಅಂದರೂ ನಂಬಬೇಡಿ. ಯಾರೇ "ಗರ್ಭಕೋಶ ತೆಗೆದುಬಿಡೋಣ" ಅಂದರೂ ತಲೆ ಆಡಿಸಬೇಡಿ. ನನಗೆ ಈ ಎರಡನ್ನೂ ಹೇಳಿದ್ದು ಒಂದೇ ಬಾಯಿ, ಒಂದೇ ಕುರ್ಚಿಯಲ್ಲಿ ಕೂತು.

ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಮುಟ್ಟಲಿ. ರಾಜಾಜಿನಗರದ ಕಡೆ. ಗಾಜಿನ ಬಾಗಿಲು, ಕಾಫಿ ಮೆಷಿನ್, ಗೋಡೆ ತುಂಬ ನಗುವ ಹೆಂಗಸರ ಫೋಟೋ. ಇಂಥವು ಈಗ ಬೆಂಗಳೂರಿನಲ್ಲಿ ಬೀದಿಗೊಂದು ಇವೆ, ಅಲ್ವಾ.

ನನಗೆ 57. ಮುಟ್ಟು ನಿಂತು ಐದು ವರ್ಷ ಆಯಿತು. ಶುಗರ್ ಇದೆ, ಬಿಪಿ ಇದೆ, ತೂಕವೂ ಜಾಸ್ತಿ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಯಾರಿಗೆ ಬರುವ ಸಾಧ್ಯತೆ ಜಾಸ್ತಿ ಅಂತ ಕೇಳಿದರೆ ಡಾಕ್ಟರುಗಳು ಮೊದಲು ಹೇಳುವುದೇ ತೂಕ ಮತ್ತು ಶುಗರ್. ಮುಟ್ಟು ನಿಂತ ಮೇಲೂ ಮೈಯ ಕೊಬ್ಬು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಮಾಡುತ್ತಲೇ ಇರುತ್ತದಂತೆ, ಅದರಿಂದ ಒಳಪದರ ಬೆಳೆಯುತ್ತದೆ. ನನ್ನ ತೂಕ, ನನ್ನ ಶುಗರ್ ಎರಡೂ ಅವರ ಫೈಲಿನ ಮೊದಲ ಪುಟದಲ್ಲೇ ಇದ್ದವು. ಅವರ ಹುಡುಗಿಯೇ ತೂಕ ನೋಡಿ ಬರೆದುಕೊಂಡಿದ್ದಳು.

ರಕ್ತ ಕಂಡಾಗ ಅತ್ತಿಗೆಗೆ ಹೇಳಿದೆ. "ಉಷ್ಣ ಆಗಿರುತ್ತೆ, ಮೆಂತ್ಯ ನೆನೆಸಿ ಕುಡಿ" ಅಂದರು. ಪಕ್ಕದ ಮನೆಯವರು "ನಂಗೂ ಒಂದ್ಸಲ ಆಗಿತ್ತು, ತಾನೇ ನಿಂತ್ಹೋಯ್ತು" ಅಂದರು. ಮೆಂತ್ಯ ಕುಡಿದೆ, ಎಳನೀರೂ ಕುಡಿದೆ. ಮತ್ತೆ ಕಂಡಿತು. ಮಗಳು ಫೋನಿನಲ್ಲಿ ಹುಡುಕಿ, ಸ್ಟಾರ್ ನೋಡಿ, ಈ ಜಾಗದಲ್ಲಿ ಅಪಾಯಿಂಟ್‌ಮೆಂಟ್ ತಗೊಂಡಳು.

ಡಾಕ್ಟರನ್ನು ನೋಡುವ ಮೊದಲು ಒಬ್ಬಳು ಕೋಆರ್ಡಿನೇಟರ್ ಸಿಗುತ್ತಾಳೆ. ಬಾಯಲ್ಲಿ ಬೆಣ್ಣೆ. "ಆಂಟಿ, ನಿಮ್ಮ ಏಜಿಗೆ ಇದೆಲ್ಲ ಕಾಮನ್. ನಮ್ಮಲ್ಲಿ ಮೆನೋಪಾಸ್ ಪ್ಯಾಕೇಜ್ ಇದೆ. ಬಿಡಿಬಿಡಿಯಾಗಿ ಮಾಡಿಸಿದ್ರೆ ಡಬಲ್ ಆಗುತ್ತೆ, ಪ್ಯಾಕೇಜಲ್ಲಿ ಬರೀ 7,499." ನಾನು ಹೇಳಿದೆ, "ನಂಗೆ ಬೇರೇನೂ ಬೇಡಮ್ಮ, ರಕ್ತ ಹೋಗ್ತಿದೆ, ಅದಕ್ಕೇ ಬಂದಿದ್ದು." ಅವಳು ಅಂದಳು, "ಹಾಂ ಆಂಟಿ, ಅದೂ ಕವರ್ ಆಗುತ್ತೆ."

ಅದೂ ಕವರ್ ಆಗುತ್ತೆ. ಈಗಲೂ ಕಿವಿಯಲ್ಲಿ ಇದೇ ಮಾತು.

ಅದರಲ್ಲಿ ಏನೇನಿತ್ತು ಗೊತ್ತಾ? ವಿಟಮಿನ್ ಡಿ, ಬಿ12, ಥೈರಾಯ್ಡ್, ಕೊಲೆಸ್ಟ್ರಾಲ್, ಮೂಳೆ ಪರೀಕ್ಷೆ, ಪ್ಯಾಪ್ ಸ್ಮಿಯರ್, ಹೊಟ್ಟೆ ಮೇಲಿನ ಸ್ಕ್ಯಾನ್, ಡಯಟೀಷಿಯನ್. ಆ ಡಯಟೀಷಿಯನ್ ರಾತ್ರಿ ಮುದ್ದೆ ತಿನ್ನಬಹುದಾ ಬೇಡವಾ ಅಂತ ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಡಾಕ್ಟರ್ ಕೊಟ್ಟಿದ್ದು ಐದು ನಿಮಿಷ. ಫೈಲು ತೆರೆದರು, ಪ್ಯಾಪ್ ಸ್ಮಿಯರ್ ರಿಪೋರ್ಟಿನ ಮೇಲೆ ಬೆರಳಿಟ್ಟರು. "ನೋಡಿ, ನೆಗೆಟಿವ್. ಕ್ಯಾನ್ಸರ್ ಏನೂ ಇಲ್ಲ. ವಯಸ್ಸಾದ ಮೇಲೆ ಒಳಗೆ ಒಣಗುತ್ತೆ, ಅದಕ್ಕೇ ಸ್ವಲ್ಪ ರಕ್ತ. ಎಲ್ಲ ನಾರ್ಮಲ್." ಒಂದು ಕ್ರೀಮು, ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಮುಗೀತು.

ರಕ್ತ ನಿಂತಿತು. ನಾನು ಖುಷಿಯಾಗಿ ಮನೆಯಲ್ಲಿ ಪಾಯಸ ಮಾಡಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಒಣಗುವುದು ಸುಳ್ಳಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಾಣಲು ಜಾಸ್ತಿ ಜನರಲ್ಲಿ ಕಾರಣ ಅದೇ. ಆದರೆ ಬೇರೆ ಏನೂ ಇಲ್ಲ ಅಂತ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಹೇಳಬೇಕಾದ ಮಾತು ಅದು. ಇವರು ನೋಡಲೇ ಇಲ್ಲ. ಆ ಮಾತ್ರೆಯೂ ಅಷ್ಟೇ, ರಕ್ತ ನಿಲ್ಲಿಸುತ್ತದೆ, ಯಾಕೆ ಬಂತು ಅಂತ ಹೇಳುವುದಿಲ್ಲ. ಲಕ್ಷಣ ಮುಚ್ಚಿಹೋಯಿತು, ಕಾರಣ ಒಳಗೇ ಕೂತಿತ್ತು.

ಗೊತ್ತಾಗಿದ್ದು ಹೇಗೆ ಅಂದರೆ, ಬಿಪಿ ಮಾತ್ರೆ ಬರೆಸಲು ನಮ್ಮ ಬೀದಿಯ ಹಳೇ ಡಾಕ್ಟರ ಹತ್ತಿರ ಹೋಗಿದ್ದೆ. ಅಷ್ಟರಲ್ಲಿ ಮತ್ತೆ ಕಲೆ ಕಾಣಲು ಶುರುವಾಗಿತ್ತು. ಫೈಲು ಕೊಟ್ಟೆ. ದಪ್ಪ ಫೈಲು, ಮೇಲೆ ಬಣ್ಣಬಣ್ಣದ ಡಯಟ್ ಚಾರ್ಟ್, ಪ್ಲಾಸ್ಟಿಕ್ ಹಾಕಿಸಿದ್ದು. ಸ್ಕ್ಯಾನ್ ರಿಪೋರ್ಟನ್ನು ಆ ಚಾರ್ಟಿನ ಹಿಂದೆ ಸೇರಿಸಿ ಸ್ಟೇಪಲ್ ಮಾಡಿದ್ದರು. ಡಾಕ್ಟರು ಪಿನ್ನು ಕಿತ್ತು, ಕಾಗದ ಹೊರಗೆ ತೆಗೆದು, ಓದಿ, ಕನ್ನಡಕ ಸರಿ ಮಾಡಿಕೊಂಡು ಮತ್ತೆ ಓದಿದರು. ನೀಲಿ ಪೆನ್ನಿನಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು. "ಇದನ್ನ ನೋಡಿ ಏನಂದ್ರಮ್ಮ ಅವರು?"

ಇ.ಟಿ. 11 ಮಿ.ಮೀ. ಅಂತಿತ್ತು. ಇ.ಟಿ. ಅಂದರೆ ಒಳಪದರದ ದಪ್ಪ. ರಕ್ತ ಹೋಗುತ್ತಿದ್ದರೆ, ಮುಟ್ಟು ನಿಂತವರಿಗೆ ಅದು 4 ಮಿ.ಮೀ. ಒಳಗೆ ಇರಬೇಕು. ಜಾಸ್ತಿ ಇದ್ದರೆ ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅದರ ಕೆಳಗೇ, ಒಳಗಿನಿಂದ (ಯೋನಿಯ ಮೂಲಕ) ಮಾಡುವ ಸ್ಕ್ಯಾನ್ ಮತ್ತು ಮುಂದಿನ ಪರೀಕ್ಷೆ ಆಗಬೇಕು ಅಂತ ಅವರದೇ ಸ್ಕ್ಯಾನಿಂಗ್ ಡಾಕ್ಟರು ಬರೆದಿದ್ದರು. ಅವರದೇ ಮನುಷ್ಯ, ಅವರದೇ ಕಾಗದ. ನಾನು ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಓಡಾಡುತ್ತಿದ್ದೆ.

ಇನ್ನೊಂದು ವಿಷಯ ಅವತ್ತೇ ಗೊತ್ತಾಯಿತು. ಪ್ಯಾಪ್ ಸ್ಮಿಯರ್ ಗರ್ಭಕೋಶದ ಬಾಯಿಯ ಪರೀಕ್ಷೆ. ಒಳಗಿನ ಪದರ ಹೇಗಿದೆ ಅಂತ ತಿಳಿಯಲು ಇರುವುದಲ್ಲ ಅದು. ಅದು ನೆಗೆಟಿವ್ ಬಂದರೆ ಬಾಯಿ ಸರಿ ಇದೆ ಅಂತ ಅರ್ಥ, ಅಷ್ಟೇ. ಅದನ್ನು ಮುಂದಿಟ್ಟುಕೊಂಡು "ಕ್ಯಾನ್ಸರ್ ಏನೂ ಇಲ್ಲ" ಅನ್ನುವುದಕ್ಕೆ ಏನು ಧೈರ್ಯ ಬೇಕು! ಹೆದರಿಸಲು ಹೇಳುತ್ತಿಲ್ಲ, ಹೀಗೆ ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ನೂರರಲ್ಲಿ ಸುಮಾರು ಒಂಬತ್ತು ಜನಕ್ಕೆ ಇರುತ್ತದೆ. ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ರಕ್ತ ಮೊದಲೇ ಕಂಡಿರುತ್ತದೆ. ಬೇಗ ಸಿಕ್ಕರೆ ವಾಸಿಯಾಗುವ ಕಾಯಿಲೆ ಅಂತ ಹೇಳುವುದೂ ಇದಕ್ಕೇ. ಬೇಗ ಸಿಗಲು ಯಾರಾದರೂ ನೋಡಬೇಕಲ್ಲ?

ಫೋನ್ ಮಾಡಿದೆ. ಅದೇ ಕೋಆರ್ಡಿನೇಟರ್ ಹುಡುಗಿ.

"ಆಂಟಿ, ರಿಪೋರ್ಟ್ ನಿಮ್ಮ ವಾಟ್ಸಾಪಿಗೆ ಕಳಿಸಿದ್ವಲ್ಲ?"

"ಕಳಿಸಿದ್ರಿ. ಅದರಲ್ಲಿ ಏನಿದೆ ಅಂತ ಹೇಳಿದ್ದು ಯಾರು?"

"ಅದು ಕನ್ಸಲ್ಟೇಶನ್ ಆಗುತ್ತೆ ಆಂಟಿ. ಪ್ಯಾಕೇಜಲ್ಲಿ ಒಂದೇ ಫ್ರೀ, ನಿಮ್ದು ಮುಗಿದಿದೆ. ಹೊಸದಕ್ಕೆ 900 ಆಗುತ್ತೆ."

ಕೊಟ್ಟೆ, ಹೋದೆ. ಆ ಡಾಕ್ಟರ ಮುಖದಲ್ಲಿ ಒಂದು ಸಣ್ಣ ಗೆರೆ ಅಲ್ಲಾಡಬಹುದು ಅಂದುಕೊಂಡಿದ್ದೆ. ಇಲ್ಲ. ನೀಲಿ ಗೆರೆ ನೋಡಿದರು. "ಹೂಂ, ಸ್ವಲ್ಪ ದಪ್ಪ ಇದೆ. ಈ ವಯಸ್ಸಲ್ಲಿ ಗರ್ಭಕೋಶ ಇಟ್ಕೊಂಡು ಏನು ಮಾಡ್ತೀರಾ? ತೆಗೆದುಬಿಡೋಣ. ಶುಕ್ರವಾರ ಸ್ಲಾಟ್ ಇದೆ."

"ಮೊದಲು ಬಯಾಪ್ಸಿ ಬೇಡ್ವಾ ಮೇಡಂ?"

"ತೆಗೆದ ಮೇಲೆ ಹೇಗೂ ಕಳಿಸ್ತೀವಲ್ಲ."

"ಕ್ಯಾನ್ಸರ್ ಇದ್ರೆ?"

"ಇದ್ರೂ ಹೋಯ್ತಲ್ಲ, ತೆಗೆದಾಯ್ತಲ್ಲ."

ಮೊನ್ನೆ ತನಕ ಎಲ್ಲ ನಾರ್ಮಲ್. ಇವತ್ತು ಶುಕ್ರವಾರ ಆಪರೇಷನ್. ನಡುವೆ ಒಂದು "ಅಯ್ಯೋ, ನೋಡಿರಲಿಲ್ಲ" ಕೂಡ ಇಲ್ಲ. ಹೊರಗೆ ಬಂದರೆ ಇನ್ಶೂರೆನ್ಸ್ ಡೆಸ್ಕಿನವನು ಎಸ್ಟಿಮೇಟ್ ಪ್ರಿಂಟ್ ಮಾಡಿ ಹಿಡಿದು ನಿಂತಿದ್ದಾನೆ. 1,65,000. "ಕ್ಯಾಶ್‌ಲೆಸ್ ಆಗುತ್ತೆ ಆಂಟಿ, ನಿಮ್ಮ ಕೈಯಿಂದ ಏನೂ ಹೋಗಲ್ಲ." ನನ್ನ ಇನ್ಶೂರೆನ್ಸ್ ಕಾರ್ಡಿನ ನಂಬರ್ ಅವನಿಗೆ ಹೇಗೆ ಗೊತ್ತು? ಪ್ಯಾಕೇಜ್ ತಗೊಂಡ ದಿನವೇ ಜೆರಾಕ್ಸ್ ಇಸಕೊಂಡಿದ್ದರು. ಯಾಕಮ್ಮ ಅಂತ ಕೇಳಿದ್ದಕ್ಕೆ "ಸುಮ್ನೆ ಫಾರ್ಮಾಲಿಟಿ ಆಂಟಿ" ಅಂದಿದ್ದರು. ಟೋಪಿ ಬಿದ್ದದ್ದು ಆವತ್ತೇ, ಅಳತೆ ತಗೊಂಡೇ ಹಾಕಿದ್ದರು. ಅಲ್ಲಿಂದ ಆಟೋ ಹತ್ತುವ ತನಕ ಮಗಳ ಜೊತೆ ಒಂದು ಮಾತೂ ಆಡಲಿಲ್ಲ ನಾನು.

ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಮಾಡಿದ್ದು ಒಳಗಿನಿಂದ ಸ್ಕ್ಯಾನ್. ಆಮೇಲೆ ಹಿಸ್ಟರೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ನೋಡುವುದು. ಒಳಗೆ ಒಂದು ಪಾಲಿಪ್, ಅಂದರೆ ಸಣ್ಣ ಮಾಂಸದ ಗಂಟು, ಬೆಳೆದಿತ್ತು. ಅದನ್ನು ತೆಗೆದು, ಒಳಪದರವನ್ನೂ ಕೆರೆದು ಬಯಾಪ್ಸಿಗೆ ಕಳಿಸಿದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆ. ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಬಂತು. ಕ್ಯಾನ್ಸರ್ ಇಲ್ಲ, ಕ್ಯಾನ್ಸರಿಗೆ ತಿರುಗುವಂಥ ಜೀವಕೋಶಗಳೂ ಇಲ್ಲ. ಗರ್ಭಕೋಶ ತೆಗೆಯುವ ಪ್ರಶ್ನೆಯೇ ಇಲ್ಲ ಅಂದರು. ಶುಕ್ರವಾರದ ಸ್ಲಾಟಿಗೆ ಹೋಗಿದ್ದರೆ ಒಂದು ಪಾಲಿಪ್‌ಗೋಸ್ಕರ ಇಡೀ ಗರ್ಭಕೋಶ ಹೋಗಿರುತ್ತಿತ್ತು. ಅಂಡಾಶಯವೂ ಹೋಗುತ್ತಿತ್ತೋ ಏನೋ, ಯಾರು ಕೇಳುತ್ತಿದ್ದರು.

"ಹೋಯ್ತಲ್ಲ, ತೆಗೆದಾಯ್ತಲ್ಲ" ಅನ್ನುವ ಮಾತು ಇನ್ನೂ ಚುಚ್ಚುತ್ತಿತ್ತು, ಈ ಡಾಕ್ಟರನ್ನು ಕೇಳಿದೆ. ಕ್ಯಾನ್ಸರ್ ಅಂತ ಮೊದಲೇ ಗೊತ್ತಿದ್ದರೆ ಆಪರೇಷನ್ನೇ ಬೇರೆ ಥರ ಇರುತ್ತದಂತೆ. ಎಲ್ಲಿ ತನಕ ಹರಡಿದೆ ಅಂತ ಎಂಆರ್‌ಐ ಮಾಡಿಸಬೇಕಾಗಬಹುದು, ಅಂಡಾಶಯ ಮತ್ತು ನಾಳಗಳನ್ನೂ ಸೇರಿಸಿ ತೆಗೆಯುತ್ತಾರೆ, ಲಿಂಫ್ ಗ್ರಂಥಿ ನೋಡುತ್ತಾರೆ, ಕ್ಯಾನ್ಸರ್ ಸರ್ಜನ್ ಮಾಡಬೇಕಾದ ಕೆಲಸ ಅದು. ಗೊತ್ತಿಲ್ಲದೆ ಮಾಮೂಲಿ ಆಪರೇಷನ್ ಮಾಡಿ ಆಮೇಲೆ ಕ್ಯಾನ್ಸರ್ ಅಂತ ಬಂದರೆ ಎರಡನೇ ಸಲ ಟೇಬಲ್ ಮೇಲೆ ಮಲಗಬೇಕಾಗಬಹುದು. ಲ್ಯಾಪರೋಸ್ಕೋಪಿಯಲ್ಲಿ ಗರ್ಭಕೋಶವನ್ನು ಹೊಟ್ಟೆಯೊಳಗೇ ಚೂರು ಮಾಡಿ ತೆಗೆದರೆ ಕ್ಯಾನ್ಸರ್ ಹರಡುವ ಅಪಾಯವೂ ಇದೆ. ತೆಗೆದಾಯ್ತಂತೆ!

ಆಮೇಲೆ ಆ ಮೊದಲಿನ ಆಸ್ಪತ್ರೆಯಲ್ಲಿ ದುಡ್ಡು ವಾಪಸ್ಸು, ದಾಖಲೆ ಕೇಳುವ ಪರದಾಟ. ಸ್ಕ್ಯಾನ್ ಸಿ.ಡಿ., ಡಾಕ್ಟರ್ ಬರೆದುಕೊಂಡ ನೋಟ್ಸ್ ಎಲ್ಲ ಬೇಕು ಅಂದೆ. "ಕೊಡೋ ಪಾಲಿಸಿ ಇಲ್ಲ" ಅಂದರು. ರೋಗಿ ಕೇಳಿದರೆ 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲಿನ 2002ರ ನಿಯಮದಲ್ಲೇ ಇದೆ. ಮಗಳು ಅದನ್ನು ಬರೆದು ಕಳಿಸಿದ ಮೇಲೆ ಪಾಲಿಸಿ ಹುಟ್ಟಿತು. ದುಡ್ಡಿನ ಮಾತಿಗೆ ಬಂದ ಉತ್ತರ ಹೀಗಿತ್ತು: "ನಿಮ್ಮ ಅನಿಸಿಕೆಗೆ ಧನ್ಯವಾದ. ಪ್ಯಾಕೇಜಿನ ಎಲ್ಲ ಸೇವೆ ನಿಮಗೆ ಸಿಕ್ಕಿದೆ. ಸೌಹಾರ್ದದ ದೃಷ್ಟಿಯಿಂದ ನಿಮ್ಮ ಕುಟುಂಬದ ಒಬ್ಬರಿಗೆ ಉಚಿತ ಮೂಳೆ ಪರೀಕ್ಷೆ ಕೊಡುತ್ತಿದ್ದೇವೆ." ಅದರ ಬೆನ್ನಿಗೇ ಇನ್ನೊಂದು ಮೆಸೇಜು, ಮಗಳು ಹಾಕಿದ ಒಂದು ಸ್ಟಾರ್ ಬದಲಾಯಿಸಲು ಆಗುತ್ತಾ ಅಂತ. ನನ್ನ ಮೂಳೆ ಚೆನ್ನಾಗಿದೆ ತಾಯಿ.

ಇಷ್ಟು ಮಾಡಿ. ಡಾಕ್ಟರ ಮುಂದೆ ಕೂತಾಗ "ಇ.ಟಿ. ಎಷ್ಟಿದೆ?" ಅಂತ ಕೇಳಿ, ನಂಬರ್ ಬಾಯಲ್ಲಿ ಹೇಳಿಸಿ. ಹೊಟ್ಟೆ ಮೇಲಿನ ಸ್ಕ್ಯಾನಿಗಿಂತ ಒಳಗಿನ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ, ನಾಚಿಕೆ ಪಡಬೇಡಿ. ಪದರ ತೆಳ್ಳಗಿದ್ದೂ ಮತ್ತೆ ಮತ್ತೆ ರಕ್ತ ಬಂದರೆ ಆಗಲೂ ಬಯಾಪ್ಸಿ ಕೇಳಿ. ಸ್ತನದ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತಗೊಳ್ಳುವವರು ಇನ್ನೂ ಜಾಸ್ತಿ ಹುಷಾರು, ಆ ಮಾತ್ರೆ ಒಳಪದರ ದಪ್ಪ ಮಾಡುತ್ತದೆ. ದುಡ್ಡಿಲ್ಲ ಅಂತ ಮುಚ್ಚಿಡಬೇಡಿ, ಮಾರ್ಕೆಟ್ ಹತ್ತಿರ ವಾಣಿವಿಲಾಸ ಸರ್ಕಾರಿ ಆಸ್ಪತ್ರೆ ಇದೆ, ಕ್ಯಾನ್ಸರ್ ಅನುಮಾನ ಇದ್ದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕ್ಯೂ ಇರುತ್ತೆ, ಕಾಫಿ ಮೆಷಿನ್ ಇರಲ್ಲ. ಯಾರಾದರೂ "ಈ ವಯಸ್ಸಲ್ಲಿ ಯಾಕೆ ಬೇಕು" ಅಂದರೆ ಎದ್ದು ಬನ್ನಿ. ಬೇಡದ ಗರ್ಭಕೋಶದ ಆಪರೇಷನ್‌ಗಳಿಗೆ ಕಡಿವಾಣ ಹಾಕಿ ಅಂತ ಸುಪ್ರೀಂ ಕೋರ್ಟೇ 2023ರಲ್ಲಿ ರಾಜ್ಯಗಳಿಗೆ ಹೇಳಿದೆ, ಅಷ್ಟು ನಡೆದಿದೆ ಇದು ದೇಶದಲ್ಲಿ.

ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕೆಳಗೆ ಖಾಸಗಿ ಆಸ್ಪತ್ರೆಗಳ ಮೇಲೆ ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಅಲ್ಲಿಗೆ ಬರೆದಿದ್ದೇನೆ, ಸ್ವೀಕೃತಿ ಬಂದಿದೆ, ವಿಚಾರಣೆಗೆ ಇನ್ನೂ ಕರೆದಿಲ್ಲ. ಇದೇ ಥರ ಆ ಕಡೆ ಪ್ಯಾಕೇಜ್ ಮಾಡಿಸಿ ಸ್ಕ್ಯಾನ್ ರಿಪೋರ್ಟ್ ಯಾರೂ ಓದಿ ಹೇಳದೇ ಇದ್ದವರು ಇದ್ದರೆ, ಮೊದಲು ಆ ಕಾಗದ ಹೊರಗೆ ತೆಗೆದು ಇ.ಟಿ. ನೋಡಿ. ಆಮೇಲೆ ನನಗೆ ಬರೆಯಿರಿ. ದೂರಿಗೆ ಇನ್ನೊಂದು ಸಹಿ ಸಿಕ್ಕರೆ ಒಳ್ಳೆಯದು.