ಡಾಖಾವ್ ಸ್ಮಾರಕ: ಗೈಡ್ ಬೀಳ್ಕೊಟ್ಟ ಮೇಲೆ ನೋಡಬೇಕಾದ ತುದಿ

ಮ್ಯೂನಿಕ್‌ಗೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡು ಡಾಖಾವ್‌ನ ನಾಜಿ ಯಾತನಾ ಶಿಬಿರ ನೋಡಿ ಬರುವುದುಂಟು. ಹೆಚ್ಚಿನವರು ಎರಡೂವರೆ ತಾಸಿನ ಟೂರ್ ಮುಗಿಸಿ, ಹೆಣ ಸುಡುತ್ತಿದ್ದ ಕಟ್ಟಡ ನೋಡಿ, ನೇರ ಬಸ್ ಸ್ಟಾಪಿಗೆ ನಡೆದುಬಿಡುತ್ತಾರೆ. ಉತ್ತರದ ತುದಿಯಲ್ಲಿರುವ ಪ್ರಾರ್ಥನಾಲಯಗಳು ಫೋಟೊದ ಹಿನ್ನೆಲೆಯಲ್ಲಷ್ಟೇ ಉಳಿಯುತ್ತವೆ. ಕ್ರೈಸ್ತರಿಗಂತೂ ಇದು ದೊಡ್ಡ ನಷ್ಟ. 1939ರ ಜನಗಣತಿಯಲ್ಲಿ ಜರ್ಮನಿಯ ಶೇ. 90ಕ್ಕೂ ಹೆಚ್ಚು ಜನ ಪ್ರೊಟೆಸ್ಟೆಂಟ್ ಇಲ್ಲವೇ ಕ್ಯಾಥೊಲಿಕ್ ಎಂದು ಬರೆಸಿದ್ದರು. ದೀಕ್ಷಾಸ್ನಾನ ಪಡೆದವರ ನಾಡಿನಲ್ಲಿ ಇದು ನಡೆದದ್ದು ಹೇಗೆ ಎಂಬ ಪ್ರಶ್ನೆಗೆ ಚರ್ಚುಗಳು ಕಟ್ಟಡದ ಭಾಷೆಯಲ್ಲಿ ಕೊಟ್ಟ ಉತ್ತರ ಅಲ್ಲಿದೆ. ಎಲ್ಲ ಉತ್ತರವೂ ಒಂದೇ ತೂಕದ್ದಲ್ಲ.

ಮೊದಲು ದಾರಿ. ಮ್ಯೂನಿಕ್‌ನ ಮುಖ್ಯ ರೈಲು ನಿಲ್ದಾಣ ಹಾಪ್ಟ್‌ಬಾನ್‌ಹೋಫ್‌ನಿಂದ ಎಸ್2 ರೈಲು, ಪೀಟರ್ಸ್‌ಹೌಸನ್ ಕಡೆಯದು. ಎರ್ಡಿಂಗ್ ಕಡೆಯದನ್ನು ಹತ್ತಿದರೆ ಊರಿನ ಇನ್ನೊಂದು ಮಗ್ಗುಲಿಗೆ ಹೋಗುತ್ತೀರಿ. ಡಾಖಾವ್ ಸ್ಟೇಷನ್‌ನಲ್ಲಿ ಇಳಿದು 726ನೇ ಬಸ್ ಹಿಡಿಯಬೇಕು. ಹಲವರು ಎಡವುವುದು ಟಿಕೆಟ್‌ನಲ್ಲಿ: ಊರೊಳಗಿನ ಎಂ ವಲಯದ ಟಿಕೆಟ್ ಇಲ್ಲಿಗೆ ಸಾಲದು, ಎಂ-1 ಬೇಕು. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ 60 ಯೂರೊ ದಂಡ, ಪ್ರವಾಸಿ ಎಂಬ ರಿಯಾಯಿತಿ ಇಲ್ಲ. ಸ್ಮಾರಕಕ್ಕೆ ಪ್ರವೇಶ ಉಚಿತ. ಟೂರ್ ಮತ್ತು ಆಡಿಯೊ ಗೈಡ್‌ಗೆ ಕೆಲವು ಯೂರೊ. ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಮಧ್ಯಾಹ್ನದ ಟೂರ್ ಹಿಡಿದರೆ ಉತ್ತರದ ತುದಿಗೆ ಸಮಯ ಸಿಗದು, ಆದ್ದರಿಂದ ಬೆಳಗಿನದೇ ಮೇಲು. ಟೂರ್ ಆದ ಮೇಲೆ ಕನಿಷ್ಠ ಒಂದು ತಾಸು ಬೇರೆ ಎತ್ತಿಡಿ. ಇಡೀ ಮೈದಾನ ಜಲ್ಲಿಕಲ್ಲಿನದು, ಚಳಿಗಾಲದಲ್ಲಿ ಗಾಳಿಗೆ ಮರೆಯಿಲ್ಲ. ದಪ್ಪ ಅಟ್ಟೆಯ ಶೂ ಇರಲಿ. 13 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಜಾಗವಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಹೋಗುವ ಮೊದಲೇ ಬಿಡಬೇಕು. ಡಾಖಾವ್ ಆಶ್ವಿಟ್ಸ್‌ನಂಥ ಸಾಮೂಹಿಕ ಸಂಹಾರದ ಶಿಬಿರವಲ್ಲ. 1933ರ ಮಾರ್ಚ್ 22ರಂದು ಶುರುವಾಗಿ 1945ರ ಏಪ್ರಿಲ್ 29ರವರೆಗೆ ನಡೆದ ಇಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೈದಿಗಳಿದ್ದರು. ಸುಮಾರು 41,500 ಮಂದಿ ಸತ್ತರು. ಗ್ಯಾಸ್ ಕೋಣೆ ಇದೆ, ಅದನ್ನು ಸಾಮೂಹಿಕ ಹತ್ಯೆಗೆ ಬಳಸಲಿಲ್ಲ. ಆದರೆ ಇದು ಶಿಬಿರಗಳನ್ನು ನಡೆಸಿದ ನಾಜಿ ಪಡೆ ಎಸ್‌ಎಸ್‌ನ ತರಬೇತಿ ಶಾಲೆಯಾಗಿತ್ತು. ಆಮೇಲೆ ಆಶ್ವಿಟ್ಸ್‌ನ ಕಮಾಂಡರ್ ಆದ ರುಡಾಲ್ಫ್ ಹೋಸ್ ಕೆಲಸ ಕಲಿತದ್ದು ಇಲ್ಲೇ. ಕಟ್ಟಾ ಕ್ಯಾಥೊಲಿಕ್ ಮನೆಯ ಹುಡುಗ, ಪಾದ್ರಿಯಾಗಲಿ ಎಂದು ಅಪ್ಪ ಬಯಸಿದ್ದ. 1947ರ ಏಪ್ರಿಲ್‌ನಲ್ಲಿ ನೇಣಿಗೇರುವ ಕೆಲವೇ ದಿನ ಮೊದಲು ಯೇಸುಸಭೆಯ ಗುರುವೊಬ್ಬರ ಬಳಿ ಪಾಪನಿವೇದನೆ ಮಾಡಿಕೊಂಡು ಚರ್ಚಿಗೆ ಮರಳಿದ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ಕಟ್ಟಡಗಳು ಬೇರೆಯಾಗಿ ಕಾಣುತ್ತವೆ.

ಹಾಜರಿ ಮೈದಾನದಿಂದ ಉತ್ತರಕ್ಕೆ ಪಾಪ್ಲರ್ ಮರಗಳ ನಡುವಿನ ದಾರಿ ಹಿಡಿಯಿರಿ. ಮರಳಿ ಕಟ್ಟಿದ ಎರಡು ಬ್ಯಾರಕ್ ಬಿಟ್ಟರೆ ಉಳಿದವಕ್ಕೆ ಅಡಿಪಾಯದ ಗುರುತು ಮಾತ್ರ. ಕೊನೆಯ ಹತ್ತಿರ 26ನೇ ಸಂಖ್ಯೆಯ ಬಳಿ ನಿಲ್ಲಿ. ಪಾದ್ರಿಗಳ ಬ್ಲಾಕ್ ಇದು. ಡಾಖಾವ್‌ನಲ್ಲಿ ಸುಮಾರು 2,720 ಕ್ರೈಸ್ತ ಧರ್ಮಗುರುಗಳಿದ್ದರು, ಬಹುಪಾಲು ಕ್ಯಾಥೊಲಿಕರು. 1941ರ ಜನವರಿಯಲ್ಲಿ ಈ ಬ್ಲಾಕ್‌ನೊಳಗೆ ಪ್ರಾರ್ಥನಾಲಯಕ್ಕೆ ಅಪ್ಪಣೆ ಸಿಕ್ಕಿತು. ಅದೇ ಸೆಪ್ಟೆಂಬರ್‌ನಲ್ಲಿ ಪೋಲಿಷ್ ಗುರುಗಳನ್ನು ಬೇರ್ಪಡಿಸಿ 28ಕ್ಕೆ ಅಟ್ಟಿದರು, ಪ್ರಾರ್ಥನಾಲಯದ ಬಾಗಿಲು ಅವರಿಗೆ ಮುಚ್ಚಿತು. ಬಲಿಪೂಜೆ ನಡೆಯುವ ಕಿಟಕಿ ಇತ್ತ, ಅದೇ ದೀಕ್ಷೆ ಪಡೆದ ಹಸಿದ ಗುರು ಅತ್ತ. ನಡುವೆ ಕೆಲವೇ ಹೆಜ್ಜೆ. 1,780 ಪೋಲಿಷ್ ಗುರುಗಳಲ್ಲಿ 868 ಮಂದಿ ಸತ್ತರು. ಕೊಲ್ಲುವುದಕ್ಕಿಂತ ಮೊದಲು ಒಡೆಯುವುದು ಈ ವ್ಯವಸ್ಥೆಯ ಕಸುಬು.

ಎದುರಿಗೆ ಕಾಣುವ ಗುಂಡನೆಯ ಕಲ್ಲಿನ ಗೋಪುರ ಕ್ಯಾಥೊಲಿಕರದು, ಕ್ರಿಸ್ತನ ಮರಣಯಾತನೆಯ ಪ್ರಾರ್ಥನಾಲಯ, 1960ರದು. ಇದೇ ಶಿಬಿರದಲ್ಲಿ ಕೈದಿಯಾಗಿದ್ದ ಮ್ಯೂನಿಕ್‌ನ ಸಹಾಯಕ ಧರ್ಮಾಧ್ಯಕ್ಷ ಯೊಹಾನ್ನೆಸ್ ನಾಯ್‌ಹೌಸ್ಲರ್ ಮುಂದೆ ನಿಂತು ಕಟ್ಟಿಸಿದರು. ಮುಂಭಾಗ ಬಾಗಿಲಿಲ್ಲದೆ ತೆರೆದಿದೆ, ಮೇಲೆ ಮುಳ್ಳಿನ ಕಿರೀಟ. ಹಿಂಭಾಗದ ಪೋಲಿಷ್ ಫಲಕವನ್ನು ತಪ್ಪದೆ ನೋಡಿ. ಕಟ್ಟಡ ಗಂಭೀರವಾಗಿದೆ, ಆದರೆ ಅದು ಹೇಳುವುದು ನೊಂದವರ ಕಥೆ ಮಾತ್ರ: ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಬೆವರಿದ ಕ್ರಿಸ್ತ ಕೈದಿಯ ಪಕ್ಕದಲ್ಲಿದ್ದಾನೆ. ಕಾವಲುಗೋಪುರದಲ್ಲಿ ನಿಂತವನಿಗೂ ಅದೇ ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನವಾಗಿತ್ತಲ್ಲ, ಆ ಮಾತು ಇಲ್ಲಿ ಬರುವುದಿಲ್ಲ. ಅರ್ಧ ಉತ್ತರ.

ಎಡಕ್ಕೆ ಹೊರಳಿದರೆ ಮೊದಲ ನೋಟಕ್ಕೆ ಏನೂ ಕಾಣದು. ಪ್ರೊಟೆಸ್ಟೆಂಟರ ಸಂಧಾನ ದೇವಾಲಯ ನೆಲಕ್ಕೆ ತಗ್ಗಿ ಕೂತಿದೆ. ನೆದರ್ಲೆಂಡ್ಸ್‌ನ ಮಾಜಿ ಕೈದಿಗಳು ಪಟ್ಟು ಹಿಡಿದದ್ದರಿಂದ ಎದ್ದದ್ದು. ವಾಸ್ತುಶಿಲ್ಪಿ ಹೆಲ್ಮುಟ್ ಸ್ಟ್ರಿಫ್ಲರ್, ಉದ್ಘಾಟನೆ 1967ರ ಏಪ್ರಿಲ್ 30. ಶಿಬಿರದ ನಕ್ಷೆಯೆಲ್ಲ ಸ್ಕೇಲು ಹಿಡಿದು ಗೆರೆ ಎಳೆದಂತೆ ಲಂಬಕೋನ. ಸ್ಟ್ರಿಫ್ಲರ್ ಆ ಲಂಬಕೋನವನ್ನೇ ಬಿಟ್ಟು ಕಟ್ಟಿದರು. ಅಗಲವಾದ ಮೆಟ್ಟಿಲುಗಳಲ್ಲಿ ಇಳಿಯುತ್ತ ಹೋದಂತೆ ಕಾಂಕ್ರೀಟ್ ಗೋಡೆಗಳು ಹತ್ತಿರವಾಗುತ್ತವೆ, ಬೆಳಕು ಕಡಿಮೆಯಾಗುತ್ತದೆ. ಫ್ರಿಟ್ಸ್ ಕ್ಯೂನ್ ಮಾಡಿದ ಉಕ್ಕಿನ ಬಾಗಿಲಿನ ಮೇಲೆ ಬೈಬಲ್ಲಿನ 57ನೇ ಕೀರ್ತನೆಯ ಸಾಲು, ರೆಕ್ಕೆಗಳ ನೆರಳಿನಲ್ಲಿ ಆಶ್ರಯ ಕೇಳುವ ಸಾಲು. ದಾಟಿದರೆ ಆಕಾಶಕ್ಕೆ ತೆರೆದ ಅಂಗಳ, ಒಂದು ಪಕ್ಕ ಆರಾಧನೆಗೆ, ಇನ್ನೊಂದು ಪಕ್ಕ ಕೂತು ಮಾತಾಡುವುದಕ್ಕೆ. ಮೇಲೇರುವ ದಾರಿ ಇನ್ನೊಂದು ತುದಿಯಲ್ಲಿ. ಇಳಿದಲ್ಲಿಂದಲೇ ಹತ್ತಿ ಬಂದರೆ ಅರ್ಧ ನೋಡಿದಂತೆ.

ಉದ್ಘಾಟನೆಯ ದಿನ ಪ್ರಸಂಗ ಮಾಡಿದವರು ಪ್ರೊಟೆಸ್ಟೆಂಟ್ ಪಾದ್ರಿ ಮಾರ್ಟಿನ್ ನೀಮೊಲ್ಲರ್. ಮೊದಲ ಮಹಾಯುದ್ಧದ ಸಬ್‌ಮರೀನ್ ಕ್ಯಾಪ್ಟನ್, ಹಿಟ್ಲರನಿಗೆ ಮತ ಹಾಕಿದವರು, ಯಹೂದಿಗಳ ವಿರುದ್ಧ ಕಹಿ ಮಾತಾಡಿದವರು, ಆಮೇಲೆ ಎದುರು ನಿಂತು 1937ರ ಜುಲೈ 1ರಂದು ಬಂಧನವಾದವರು. 1941ರಿಂದ 1945ರವರೆಗೆ ಡಾಖಾವ್‌ನಲ್ಲೇ. ಯುದ್ಧ ಮುಗಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಶಿಬಿರ ನೋಡಲು ಬಂದಾಗ, ಹೆಣ ಸುಡುವ ಕಟ್ಟಡದ ಬಳಿಯ ಫಲಕದಲ್ಲಿ ‘1933–1945’ ಎಂದಿತ್ತು. ಸತ್ತವರ ಸಂಖ್ಯೆಗಿಂತ ಹೆಚ್ಚಾಗಿ ಆ ಇಸವಿ ತಮ್ಮನ್ನು ಹಿಡಿದು ನಿಲ್ಲಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. 1937ರಿಂದ ಈಚೆಗೆ ಅವರಿಗೆ ನೆಪವಿತ್ತು, ಜೈಲಿನಲ್ಲಿದ್ದರು. 1933ರಿಂದ 1937ರವರೆಗೆ ಎಲ್ಲಿದ್ದೆ ಎಂದು ದೇವರು ಕೇಳಿದರೆ? ಆದರೂ 1945ರ ಅಕ್ಟೋಬರ್‌ನಲ್ಲಿ ಅವರೂ ಸಹಿ ಹಾಕಿದ, ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಯ ಸ್ಟುಟ್‌ಗಾರ್ಟ್ ತಪ್ಪೊಪ್ಪಿಗೆಯಲ್ಲಿ ಯಹೂದಿಗಳ ಹೆಸರೇ ಇಲ್ಲ. ಯಹೂದಿಗಳ ವಿಷಯದಲ್ಲಿನ ತಪ್ಪನ್ನು ಸಭೆ ಬಾಯಿಬಿಟ್ಟು ಹೇಳಲು 1950ರ ಬರ್ಲಿನ್-ವೈಸೆನ್‌ಸೀ ಸಿನೊಡ್ (ಸಭೆಯ ಪ್ರತಿನಿಧಿಗಳ ಸಮಾವೇಶ) ಆಗಬೇಕಾಯಿತು.

ಬಲಕ್ಕಿರುವ ಯಹೂದಿ ಸ್ಮಾರಕವೂ 1967ರದೇ. ಕಪ್ಪು ಕಲ್ಲಿನ ಇಳಿಜಾರು, ಮುಳ್ಳುತಂತಿಯಂತೆ ಮಾಡಿದ ಕಟಕಟೆ, ಒಳಗೆ ಮೇಲಿನ ಕಿಂಡಿಯಿಂದ ಬೀಳುವ ಒಂದು ಪಟ್ಟಿ ಬೆಳಕು. ಜಾಗ ಇಕ್ಕಟ್ಟು, ಗುಂಪಿನೊಂದಿಗೆ ನುಗ್ಗದೆ, ಖಾಲಿಯಾಗುವವರೆಗೆ ಹೊರಗೆ ಕಾಯಿರಿ. ಕ್ರೈಸ್ತರು ಇಲ್ಲಿ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಶುರುಮಾಡದಿದ್ದರೆ ಒಳ್ಳೆಯದು. 1938ರ ನವೆಂಬರ್‌ನಲ್ಲಿ ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳು ಉರಿದ ಮೇಲೆ ಸುಮಾರು 11,000 ಯಹೂದಿ ಗಂಡಸರನ್ನು ಈ ಶಿಬಿರಕ್ಕೆ ತುಂಬಿದರು. ಆಗ ಪೀಠದ ಮೇಲಿಂದ ಬಾಯಿಬಿಟ್ಟ ಪಾದ್ರಿಗಳು ಬೆರಳೆಣಿಕೆಯಷ್ಟು.

ಕ್ಯಾಥೊಲಿಕ್ ಗೋಪುರದ ಹಿಂದೆ ಕಾರ್ಮೆಲ್ ಸಭೆಯ ಸಿಸ್ಟರ್‌ಗಳ ಮಠ, 1964ರದು. ಹಳೆಯ ಕಾವಲುಗೋಪುರದ ಅಡಿಯಲ್ಲೇ ಅದರ ದಾರಿ. ಆಶ್ವಿಟ್ಸ್‌ನಲ್ಲಿ 1984ರಲ್ಲಿ ಬಂದ ಕಾರ್ಮೆಲ್ ಮಠಕ್ಕೆ ಯಹೂದಿಗಳಿಂದ ತೀವ್ರ ವಿರೋಧ ಬಂದು, ಸಿಸ್ಟರ್‌ಗಳು 1993ರಲ್ಲಿ ಜಾಗ ಬಿಟ್ಟರು. ಡಾಖಾವ್‌ನ ಮಠ ಉಳಿದಿದೆ. ಚಾಪೆಲ್‌ನಲ್ಲಿ ಕೂತು ಸಿಸ್ಟರ್‌ಗಳ ಪ್ರಾರ್ಥನೆ ಕೇಳಲು ಹದಿನೈದು ನಿಮಿಷ ಸಾಕು. ವಾಪಸ್ ಗೇಟಿಗೆ ಇಡೀ ಶಿಬಿರದ ಉದ್ದ ನಡೆಯಬೇಕು, ಆದ್ದರಿಂದ ನಾಲ್ಕೂವರೆಗೆ ಎದ್ದುಬಿಡಿ.