ಪೀಣ್ಯದ ಬರ್ನರ್ ಸರ್ವೀಸ್: ಅವಸರ ಮಾಡದ ಮೆಕ್ಯಾನಿಕ್

ಪೀಣ್ಯದಲ್ಲಿ ನನ್ನದೊಂದು ಲಾಂಡ್ರಿ ಇದೆ. ಡೀಸೆಲ್ ಬಾಯ್ಲರ್‌ನ ಬರ್ನರ್ (ಬೆಂಕಿ ಉರಿಸುವ ಭಾಗ) ಪದೇ ಪದೇ ಲಾಕೌಟ್, ಅಂದರೆ ತಾನೇ ಬಂದ್ ಆಗುತ್ತಿತ್ತು. ಹಿಂದಿನ ಮೆಕ್ಯಾನಿಕ್ 'ರೀಸೆಟ್ ಒತ್ತುತ್ತಿರಿ ಸಾರ್' ಅಂದು ಹೋಗಿದ್ದರು. ಹಾಗೆ ಸುಮ್ನೆ ಒತ್ತಿದರೆ ಉರಿಯದ ಎಣ್ಣೆ ಒಳಗೆ ಸೇರುತ್ತದೆ, ಆಮೇಲೆ ಒಮ್ಮೆಲೇ ಭುಗ್ಗೆನ್ನಬಹುದು. ಭಯ ಆಗುತ್ತೆ ಅಲ್ವಾ?

ಈ ಸಲ ಬಂದವರು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸಿದರು. ಸ್ವಿಚ್ ಹಾಕಿದ ಕೂಡಲೇ ಬೆಂಕಿ ಬರುವುದಿಲ್ಲ. ಮೊದಲು ಬ್ಲೋವರ್ ಮಾತ್ರ ಓಡುತ್ತದೆ, ಎಣ್ಣೆಯ ವಾಲ್ವ್ ಮುಚ್ಚಿರುತ್ತದೆ. ಉಳಿದ ಆವಿಯೆಲ್ಲ ಚಿಮಣಿಯಿಂದ ಹೊರಗೆ. ಇದೇ ಪರ್ಜ್. ಆಮೇಲೆ ಕಿಡಿ, ಎಣ್ಣೆ. ಬೆಳಕು ಗುರುತಿಸುವ ಫೋಟೋಸೆಲ್‌ಗೆ ಜ್ವಾಲೆ ಕಾಣದಿದ್ದರೆ ಎಲ್ಲ ಬಂದ್.

ನಮ್ಮ ಫೋಟೋಸೆಲ್ ಮೇಲೆ ಕಾಡಿಗೆಯಂತೆ ಮಸಿ ಹಿಡಿದಿತ್ತು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರು, ಎಣ್ಣೆ ಸಿಂಪಡಿಸುವ ನಾಜಲ್ ಬದಲಿಸಿದರು. ಪರ್ಜ್ ಟೈಮ್ ಕಡಿಮೆ ಮಾಡಿ ಅಂದೆ. ಒಪ್ಪಲೇ ಇಲ್ಲ. ಅದೇ ನನಗೆ ಜಾಸ್ತಿ ಹಿಡಿಸಿತು.