ಅಶೋಕ ರಸ್ತೆ ಮಹಡಿಯ ಫ್ರೆಂಚ್ ಕಾದಂಬರಿ ಕ್ಲಾಸು: ಸೇರಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಫ್ರೆಂಚ್ ಬರಬೇಕಿಲ್ಲ. ಫ್ರೆಂಚ್ ಕಾದಂಬರಿಗಳಲ್ಲಿ ಕತೆ ಹೇಳುವ ರೀತಿ ಹೇಗೆಲ್ಲಾ ಬದಲಾಯಿತು ಅನ್ನುವುದನ್ನು ಭಾನುವಾರ ಸಂಜೆ ಕನ್ನಡದಲ್ಲೇ ಹೇಳುತ್ತಾರೆ, ಓದಬೇಕಾದ ಪುಟಗಳನ್ನು ಕನ್ನಡಕ್ಕೆ ತಂದು ಜೆರಾಕ್ಸ್ ಮಾಡಿ ಕೈಗೆ ಕೊಡುತ್ತಾರೆ. ತುಮಕೂರಿನ ಅಶೋಕ ರಸ್ತೆಯಲ್ಲಿ, ಪುಸ್ತಕದಂಗಡಿಯೊಂದರ ಮಹಡಿ ಮೇಲೆ.

ನನಗೆ ಫೀಸು ವಸೂಲಾಗಿದ್ದು ಪತ್ರ ಕಾದಂಬರಿಯ ಸಂಜೆ. ಲಾಕ್ಲೋ 1782ರಲ್ಲಿ ಪ್ರಕಟಿಸಿದ ‘ಲೆ ಲಿಯೇಜೋಂ ದಾಂಜೆರೂಸ್’ನಲ್ಲಿ ಇರುವುದು 175 ಪತ್ರಗಳು, ಕತೆ ಹೇಳುವವರು ಬೇರೆ ಯಾರೂ ಇಲ್ಲ. ನಮ್ಮ ಕೈಲಿ 47 ಮತ್ತು 48ನೇ ಪತ್ರ ಓದಿಸಿದರು. 48ರಲ್ಲಿ, ಹೆಂಗಸರನ್ನು ಮರುಳು ಮಾಡುವುದೇ ಕಸುಬಾದ ವಾಲ್ಮೋಂ ಒಬ್ಬ ದೈವಭಕ್ತ ಗೃಹಿಣಿಗೆ ವಿರಹ ತೋಡಿಕೊಳ್ಳುತ್ತಾನೆ, ನಿದ್ದೆಯಿಲ್ಲ, ಬರೆಯುತ್ತಿರುವ ಈ ಮೇಜೇ ಪ್ರೇಮದ ಪೀಠ ಅಂತೆಲ್ಲಾ. ಆದರೆ 47ರಲ್ಲಿ ಗೆಳತಿಯ ಹತ್ತಿರ ಬಡಾಯಿ ಕೊಚ್ಚಿಕೊಂಡಿದ್ದಾನಲ್ವಾ, ಆ ಮೇಜು ಅಂದರೆ ಹಾಸಿಗೆಯಲ್ಲಿರುವ ಇನ್ನೊಬ್ಬಳ ಮೈ! ಪಾಪ, ಆ ಗೃಹಿಣಿಗೆ ಗೊತ್ತಿಲ್ಲ, ನಮಗೆ ಗೊತ್ತು. ಪತ್ರಗಳನ್ನು ಹಿಂದೆಮುಂದೆ ಮಾಡಿ ಓದಿಸಿದರು, ಮಜಾನೇ ಹೋಯಿತು. ಕಾದಂಬರಿಯ ರೂಪ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ತೋರಿಸಿರಲಿಲ್ಲ.

ಧಾರಾವಾಹಿಯ ಕ್ಲಾಸೂ ಪರವಾಗಿಲ್ಲ. 1836ರಲ್ಲಿ ‘ಲಾ ಪ್ರೆಸ್’ ಪತ್ರಿಕೆ ಜಾಹೀರಾತು ನಂಬಿಕೊಂಡು ಚಂದಾ ಇಳಿಸಿತು, ಓದುಗರು ಕೈಬಿಟ್ಟು ಹೋಗದಿರಲಿ ಅಂತ ಕಾದಂಬರಿಯನ್ನು ಕಂತಿನಲ್ಲಿ ಹಾಕಿತು. ವಾರಪತ್ರಿಕೆ ಬರುವುದನ್ನೇ ಕಾಯುತ್ತಿದ್ದ ನಮ್ಮ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫ್ಲೋಬೇರ್‌ನ ‘ಮದಾಂ ಬೊವಾರಿ’ಯಲ್ಲಿ, ಗಂಡನಿಗೆ ಮೋಸ ಮಾಡುವ ಎಮ್ಮಳ ಮನಸ್ಸಿನ ಮಾತು, ‘ಅಂದುಕೊಂಡಳು’ ಅನ್ನುವ ಸುಳಿವೂ ಇಲ್ಲದೆ ನಿರೂಪಣೆಯೊಳಗೆ ಸೇರಿಹೋಗುತ್ತದೆ. ಪುಸ್ತಕ ನೀತಿಗೆಟ್ಟದ್ದು ಅಂತ 1857ರಲ್ಲಿ ಕೇಸಾಯಿತು. ಅವಳನ್ನು ಖಂಡಿಸುವವರು ಪುಸ್ತಕದಲ್ಲಿ ಯಾರೂ ಇಲ್ಲ ಅನ್ನುವುದು ಸರ್ಕಾರಿ ವಕೀಲರ ತಕರಾರು. ಫ್ಲೋಬೇರ್ ಖುಲಾಸೆಯಾದ.

ಇಷ್ಟು ಚೆನ್ನಾಗಿ ನಡೆಸಿಕೊಂಡು ಬಂದವರು ಇಡೀ ಇಪ್ಪತ್ತನೇ ಶತಮಾನವನ್ನು ಒಂದೇ ಸಂಜೆಗೆ ತುರುಕಿದ್ದು ನನಗೆ ಸಿಟ್ಟು ಬರಿಸಿತು. ಪ್ರೂಸ್ತ್‌ನ ಏಳು ಸಂಪುಟದ ಕಾದಂಬರಿ ಒಂದು ಸ್ಲೈಡು! ಪ್ಯಾರಿಸ್‌ನಿಂದ ರೋಮ್‌ಗೆ ರೈಲಿನಲ್ಲಿ ಹೋಗುವ ಗಂಡಸಿನ ಕತೆಯನ್ನು ಬ್ಯೂಟೋರ್ 1957ರಲ್ಲಿ ‘ನೀವು’ ಅಂತಲೇ ಹೇಳುತ್ತಾನೆ, ಪೆರೆಕ್ 1969ರಲ್ಲಿ ಫ್ರೆಂಚಿನ ‘e’ ಅಕ್ಷರವೇ ಇಲ್ಲದ ಕಾದಂಬರಿ ಬರೆದ, ಇವೆಲ್ಲಾ ಸುಮ್ನೆ ತಮಾಷೆ ಸುದ್ದಿಯ ಹಾಗೆ ಬಂದು ಹೋದವು. ಒಂದು ಪುಟವೂ ಓದಿಸಲಿಲ್ಲ.

ಆದರೂ ಸೇರಿ. ಹೆಸರು ಕೊಡುವಾಗ ಕೊನೆಯ ಭಾಗಕ್ಕೆ ಇನ್ನೊಂದೆರಡು ಸಂಜೆ ಕೇಳಿ, ಜಾಸ್ತಿ ಜನ ಕೇಳಿದರೆ ಕೊಟ್ಟಾರು. ಗಾಡಿ ಮಾತ್ರ ದೂರ ನಿಲ್ಲಿಸಿ ನಡೆದು ಬನ್ನಿ, ಅಂಗಡಿ ಮುಂದೆ ಜಾಗ ಸಿಗುವುದಿಲ್ಲ.